ನಾಲ್ಕು ದಿನದ ನೀರು

ಕೃಷ್ಣೆ ಲಿಂಗಸುಗೂರು ತಾಲೂಕಿನ ಅಂಚಿನಲ್ಲಿ ಹರಿಯುವಾಗ ಅಲ್ಲಲ್ಲಿ ಎರಡಾಗಿ, ಮೂರಾಗಿ ಒಡೆದು ಮುಂದೆ ಮತ್ತೆ ಕೂಡಿಕೊಳ್ಳುತ್ತದೆ. ಹಾಗೆ ಒಡೆದ ನೀರಿನ ನಡುವೆ ಉಳಿದ ನೆಲಕ್ಕೆ ನಮ್ಮ ಕಡೆ ಗಡ್ಡೆ ಅನ್ನುತ್ತಾರೆ. ನಾನು ಹುಟ್ಟಿದ್ದು ಅಂಥದೊಂದು ಸಣ್ಣ ಗಡ್ಡೆಯಲ್ಲಿ. ಲಗ್ನವಾಗಿ ಬಂದದ್ದು ಪಕ್ಕದ ದೊಡ್ಡ ಗಡ್ಡೆಗೆ. ಎರಡರ ನಡುವೆ ಹೊಳೆಯ ಒಂದು ಕವಲು ಇದೆ. ಬೇಸಿಗೆಯಲ್ಲಿ ಸೀರೆ ಎತ್ತಿ ಕಟ್ಟಿ, ಬಂಡೆಯಿಂದ ಬಂಡೆಗೆ ಕಾಲಿಟ್ಟು ಅದನ್ನು ದಾಟಬಹುದು. ಈ ದಡದಲ್ಲಿ ರೊಟ್ಟಿ ಬಡಿದರೆ ಆ ದಡಕ್ಕೆ ಕೇಳಿಸುತ್ತದೆ. ಮಳೆಗಾಲದಲ್ಲಿ ಮೇಲಿನ ಡ್ಯಾಮಿನ ಗೇಟು ತೆಗೆದರೆಂದರೆ ಅದೇ ಕವಲು ಎತ್ತನ್ನೂ ನಿಲ್ಲಗೊಡುವುದಿಲ್ಲ.

ನನ್ನ ಲಗ್ನದ ಹೊತ್ತಿಗೆ ಎರಡು ಗಡ್ಡೆಗೂ ಅಂಥ ಹೆಚ್ಚುಕಡಿಮೆ ಇರಲಿಲ್ಲ. ಎರಡಕ್ಕೂ ಹರಿಗೋಲೇ ಗತಿ, ಎರಡರಲ್ಲೂ ಚಿಮಣಿ ದೀಪ. ನಿಜ ಹೇಳಬೇಕೆಂದರೆ ನನ್ನ ತವರೇ ಒಂದು ಕೈ ಮೇಲಿತ್ತು. ವರ್ಷವರ್ಷವೂ ಹೊಳೆ ತಂದು ಹಾಕುವ ಮೆಕ್ಕಲು ಮಣ್ಣಿನಲ್ಲಿ ಜೋಳ ಆಳೆತ್ತರ ಬೆಳೆಯುತ್ತಿತ್ತು. ಮನೆಮನೆಗೆ ಎಮ್ಮೆ ಇದ್ದವು. ಬದನೆಕಾಯಿ, ಸೌತೆಕಾಯಿಯನ್ನು ನನ್ನ ಗಂಡನ ಮನೆಯವರು ಅಲ್ಲಿಂದಲೇ ತರಿಸುತ್ತಿದ್ದರು. ನನ್ನ ಅತ್ತೆ ಬೈಯುವಾಗಲೂ ಅದನ್ನು ಒಪ್ಪಿಕೊಂಡೇ ಬೈಯುತ್ತಿದ್ದಳು.

'ಹಾಲಾಗ ಕೈ ತೊಳದ ಬೆಳೆದಾಕಿ. ನಿನಗೇನ್ ಗೊತ್ತಬೇ ಮಜ್ಜಿಗಿ ಬೆಲಿ?'

ಕೆಲವು ವರ್ಷ ಕಳೆದ ಮೇಲೆ ದೊಡ್ಡ ಗಡ್ಡೆಗೆ ಸೇತುವೆ ಬಂತು. ಲಿಂಗಸುಗೂರಿನಿಂದ ದಿನಕ್ಕೆ ಎರಡು ಸಲ ಬಸ್ಸು ಬಂತು. ಸಾಲಿಗೆ ಮಾಸ್ತರರು ಬಂದರು, ಕರೆಂಟಿನ ಕಂಬ ಬಂದವು, ಸಿಲಿಂಡರ್ ಹೊತ್ತ ಟೆಂಪೋ ಬಂತು. ಬಸುರಿಗೆ ನೋವು ಕಾಣಿಸಿಕೊಂಡರೆ ಬಾಗಿಲಿಗೇ ಅಂಬುಲೆನ್ಸ್ ಬರತೊಡಗಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರಲ್ಲ, ನಮ್ಮವರದೂ ಹಾಗೇ ಆಯಿತು. ಒಂದೆರಡು ವರ್ಷದಲ್ಲೇ ಸಣ್ಣ ಗಡ್ಡೆಯವರು ನಮ್ಮವರ ಬಾಯಲ್ಲಿ 'ನೀರಾಗಿನ ಮಂದಿ' ಆಗಿಬಿಟ್ಟರು. ನಮ್ಮ ಮನೆ ಸುತ್ತಲೂ ನೀರೇ ಇದೆ ಅನ್ನುವುದನ್ನು ಸೇತುವೆ ಅಷ್ಟು ಬೇಗ ಮರೆಸಿತ್ತು.

ನನಗೆ ಅಂಗನವಾಡಿ ಕೆಲಸ ಸಿಕ್ಕಿದ್ದು ಆಗಲೇ. ನಮ್ಮೂರಿನ ಮಕ್ಕಳ ಜತೆಗೆ ಸಣ್ಣ ಗಡ್ಡೆಯ ಮಕ್ಕಳನ್ನೂ ನಾನೇ ತೂಗಬೇಕು. ಬೇಸಿಗೆಯಲ್ಲಿ ತಕ್ಕಡಿಯನ್ನು ಹೆಗಲಿಗೆ ಹಾಕಿಕೊಂಡು ಕವಲು ದಾಟಿ, ಅಲ್ಲಿನ ಬೇವಿನ ಟೊಂಗೆಗೆ ಅದನ್ನು ತೂಗುಹಾಕಿ, ಒಂದೊಂದೇ ಕೂಸನ್ನು ಕೂರಿಸುತ್ತಿದ್ದೆ. ಸೇತುವೆ ಬಂದ ನಮ್ಮೂರಿನ ಮಕ್ಕಳಿಗಿಂತ ಅಲ್ಲಿಯ ಮಕ್ಕಳೇ ಗಟ್ಟಿಮುಟ್ಟಾಗಿದ್ದವು. ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ನಮ್ಮೂರಿಗೆ ಸೇತುವೆ ಮೇಲೆ ಹಾಲಿನ ಗಾಡಿಯೂ ಬಂದಿತ್ತು. ಮಕ್ಕಳ ಹೊಟ್ಟೆಗೆ ಹೋಗುತ್ತಿದ್ದ ಹಾಲು ಕ್ಯಾನಿಗೆ ಹೋಗಿ, ಮಕ್ಕಳ ಕೈಗೆ ಚಿಪ್ಸಿನ ಪಾಕೀಟು ಬಂದಿತ್ತು. ಗಂಡಸರ ಕೈಗೆ ದಾರು ಪಾಕೀಟು ಬಂದದ್ದೂ ಅದೇ ದಾರಿಯಲ್ಲಿ. ಸಣ್ಣ ಗಡ್ಡೆಯಲ್ಲಿ ಹಾಲು ಮಾರಲಿಕ್ಕೆ ದಾರಿ ಇಲ್ಲದ್ದರಿಂದ ಮಕ್ಕಳು ಕುಡಿಯುತ್ತಿದ್ದವು. ಇದನ್ನು ನೋಡಿ ನನಗೆ ತವರಿನ ಬಗ್ಗೆ ಒಳಗೊಳಗೇ ಜಂಬ ಇತ್ತು.

ಆ ಜಂಬ ಒಂದೇ ಮಳೆಗಾಲಕ್ಕೆ ಇಳಿಯಿತು. ಬೇಸಿಗೆಯಲ್ಲಿ ನಾನೇ ತೂಗಿದ್ದ ಒಂದು ಹೆಣ್ಣುಕೂಸು ದೀಪಾವಳಿ ಕಳೆದು ನಾನು ಮತ್ತೆ ಹೋದಾಗ ಇರಲಿಲ್ಲ. ಮೂರು ದಿನ ಜ್ವರ ಬಂದಿತ್ತಂತೆ, ಹರಿಗೋಲು ಬಿಡಲು ಆಗುತ್ತಿರಲಿಲ್ಲವಂತೆ. ಅದರ ತಾಯಿ ಲಸಿಕೆಯ ಕಾರ್ಡು ತಂದು ನನ್ನ ಕೈಗೆ ವಾಪಸು ಕೊಟ್ಟಳು. ಸರ್ಕಾರದ ಕಾಗದವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೇನೋ ಎಂದುಕೊಂಡಿದ್ದಳು. ಮಳೆಗಾಲದ ತಿಂಗಳುಗಳ ಚೌಕ ಅದರಲ್ಲಿ ಖಾಲಿ ಇದ್ದವು. ಅಂದಿನಿಂದ ಯಾವ ಗಡ್ಡೆಯ ಬಾಳು ಚಲೋ ಎಂದು ಯಾರು ಕೇಳಿದರೂ ನನಗೆ ಸಿಟ್ಟು ಬರುತ್ತದೆ. ಎಂಟು ತಿಂಗಳಿಗೆ ಒಂದು ಉತ್ತರ, ನಾಲ್ಕು ತಿಂಗಳಿಗೆ ಇನ್ನೊಂದು. ಕೇಳುವವರಿಗೆ ಮಾತ್ರ ಒಂದೇ ಉತ್ತರ ಬೇಕಿರುತ್ತದೆ.

ಇಷ್ಟು ತಿಳಿದವಳೇ ನಾನು ಆ ಸುಳ್ಳು ಹೇಳಿದೆ. ಅದನ್ನು ಹೇಳಲಿಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಸಣ್ಣ ಗಡ್ಡೆಯಲ್ಲಿ ಒಂದು ರೂಢಿ ಇದೆ. ಗಂಡಿನ ಮನೆ ನೋಡಲು ಬೀಗರನ್ನು ಯುಗಾದಿ ಕಳೆದ ಮೇಲೆಯೇ ಕರೆಸುತ್ತಾರೆ. ಆಗ ಕವಲಿನಲ್ಲಿ ನೀರು ಪಾದ ಮುಳುಗುವಷ್ಟು. ಬೀಗರು ಬರುವ ದಿನ ಊರಿನವರೆಲ್ಲ ತಮ್ಮ ತಮ್ಮ ಹರಿಗೋಲನ್ನು ಬಣವೆಯ ಹಿಂದೆ ಬೋರಲು ಹಾಕಿ ಮೇಲೆ ಜೋಳದ ಸೊಪ್ಪೆ ಮುಚ್ಚುತ್ತಾರೆ. ಹರಿಗೋಲು ಕಂಡರೆ ಬೀಗರು ಅದು ಯಾಕೆ ಎಂದು ಕೇಳುತ್ತಾರಲ್ಲ. ಹೊಲದ ಬದುವಿಗೆ ಹತ್ತು ವರ್ಷದಿಂದ ಜಗಳವಾಡುವವರೂ ಆವತ್ತು ಒಂದಾಗಿ ಸೊಪ್ಪೆ ಹೊರುತ್ತಾರೆ. ಇಂದು ಇವರ ಮನೆ, ನಾಳೆ ಅವರ ಮನೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ಗಾದೆ ಎಲ್ಲ ಊರಲ್ಲೂ ಇದೆ. ನನ್ನ ತವರಿನವರು ಸಾವಿರ ಹೇಳುತ್ತಿರಲಿಲ್ಲ, ಬೇಸಿಗೆಯನ್ನು ತೋರಿಸಿ ಸುಮ್ಮನಿರುತ್ತಿದ್ದರು.

ನನ್ನ ತಮ್ಮನಿಗೆ ಸಾಲಗುಂದದ ಕಡೆಯ ಸಂಬಂಧ ಬಂತು. ಸಿಂಧನೂರು ತಾಲೂಕು, ಕಾಲುವೆಯ ನೀರು, ಭತ್ತದ ಗದ್ದೆ. ಹುಡುಗಿಯ ತಂದೆ ಹಣೆ ತುಂಬ ವಿಭೂತಿ ಹಚ್ಚಿದ, ಮೆಲುಮಾತಿನ ಮನುಷ್ಯ. ಬಸ್ಸಿನಲ್ಲಿ ಸೇತುವೆ ದಾಟಿ ನಮ್ಮ ಮನೆಗೆ ಬಂದು, ಚಹಾ ಕುಡಿದು, ನಮ್ಮ ಜತೆ ಚಪ್ಪಲಿ ಕೈಯಲ್ಲಿ ಹಿಡಿದು ಕವಲು ದಾಟಿದರು. ತಮ್ಮನ ಹೊಲ ನೋಡಿದರು, ಎಮ್ಮೆ ನೋಡಿದರು, ಮಣ್ಣನ್ನು ಹಿಡಿಯಲ್ಲಿ ತೆಗೆದುಕೊಂಡು ಹಿಚುಕಿ ನೋಡಿದರು. ಅವರಿಗೆ ಮನಸ್ಸು ಬಂದಿತ್ತು. ವಾಪಸು ಬರುವಾಗ ಕವಲಿನ ನಡುವೆ ನಿಂತು, ಗಂಡಸರನ್ನೆಲ್ಲ ಬಿಟ್ಟು ನನ್ನನ್ನೇ ಕೇಳಿದರು.

'ಮಳಿಗಾಲದಾಗ ಇಲ್ಲಿ ನೀರು ಹೆಂಗ್ರಿ ಟೀಚರಮ್ಮ? ನಮಗ ಕಾಲುವಿ ಅಷ್ಟ ಗೊತ್ತು, ಹೊಳಿ ಕಂಡೋರಲ್ಲ ನಾವು.'

'ಬರ್ತೈತ್ರಿ, ಬರಂಗಿಲ್ಲ ಅಂತಲ್ಲ,' ಅಂದೆ. 'ನಾಕ ದಿನ. ಆಮ್ಯಾಗ ಇಳೀತೈತಿ.'

ಅವರು ತಲೆಯಾಡಿಸಿದರು. ಕಾಲುವೆ ನೀರಿಗೆ ಪಾಳಿ ಇರುತ್ತದೆ. ಬಿಡುವ ದಿನ, ನಿಲ್ಲಿಸುವ ದಿನ ಮೊದಲೇ ಗೊತ್ತಿರುತ್ತದೆ. ಹೊಳೆಗೂ ಅಂಥದೇ ನಾಲ್ಕು ದಿನದ ಪಾಳಿ ಇದ್ದೀತು ಎಂದು ಅವರು ತಿಳಿದಿರಬೇಕು. ನಾನು ಸರ್ಕಾರಿ ಕೆಲಸದವಳು, ಅಕ್ಷರ ಬಲ್ಲವಳು, ಅದಕ್ಕೇ ನನ್ನನ್ನು ಕೇಳಿದ್ದರು. ತಮ್ಮನಿಗೆ ಮೂವತ್ತು ದಾಟುತ್ತಿತ್ತು, ಬಂದ ಎರಡು ಸಂಬಂಧ ಮುರಿದಿದ್ದವು, ಅವ್ವ ಅನ್ನ ಬಿಡುವುದೊಂದು ಬಾಕಿ ಇತ್ತು. ನೆಪ ಹೇಳಬೇಕೆಂದರೆ ಇನ್ನೂ ನಾಲ್ಕು ಹೇಳಬಹುದು. ಆದರೆ ಆ ಕ್ಷಣದಲ್ಲಿ ನನಗೆ ಯಾವ ಕಷ್ಟವೂ ಆಗಲಿಲ್ಲ ಅನ್ನುವುದೇ ನಿಜ. ಬಾಯಿಂದ ಸಲೀಸಾಗಿ ಬಂತು.

ತಮ್ಮನ ಹೆಂಡತಿಯಾಗಿ ಬಂದ ಆ ಹುಡುಗಿ ಮೊದಲ ಮಳೆಗಾಲದಲ್ಲಿ ದಡಕ್ಕೆ ಬಂದು ನೀರು ನೋಡಿದಳಂತೆ. ನಾನು ಈ ದಡದಲ್ಲಿದ್ದೆ. ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ, ಬಟ್ಟೆ ಒಗೆಯುತ್ತಿದ್ದ ನನ್ನನ್ನು ಆಚೆಯಿಂದ ಕೂಗಿದಳು. ಹೊಳೆಯ ಸದ್ದಿನಲ್ಲಿ ಅರ್ಧ ಮಾತು ಕೇಳಲಿಲ್ಲ. ನೀರು ಇಳಿದು ಎದುರಾದಾಗ ಇಷ್ಟೇ ಕೇಳಿದಳು: 'ಯಕ್ಕಾ, ನೀ ನಾಕ ದಿನ ಅಂದಿದ್ದೆಂತ. ನಮ್ಮಪ್ಪ ಹೇಳಿದ್ದ.' ನಾನು ನಕ್ಕು, ಈ ವರ್ಷ ಮಳೆ ಜಾಸ್ತಿ ಎಂದೆ. ಅವಳು ನಗಲಿಲ್ಲ. ಮತ್ತೆ ಆ ಮಾತು ಎತ್ತಲೂ ಇಲ್ಲ.

ಅವಳು ಗಟ್ಟಿ ಹೆಣ್ಣು. ಹೊಳೆಯನ್ನು ಕಲಿತಳು. ಮಳೆಗಾಲಕ್ಕೆ ಬೇಕಾದ ಎಣ್ಣೆ, ಬೆಂಕಿಪೊಟ್ಟಣ, ಜ್ವರದ ಗುಳಿಗೆ ಎಲ್ಲವನ್ನೂ ಕಾರಹುಣ್ಣಿಮೆಯ ಹೊತ್ತಿಗೇ ತಂದಿಡುತ್ತಿದ್ದಳು. ಚೊಚ್ಚಲ ಹೆರಿಗೆಗೆ ಐದು ತಿಂಗಳಿಗೇ ತವರಿಗೆ ಹೋದಳು, ನೀರು ಇಳಿದ ಮೇಲೆ ಗಂಡುಮಗುವನ್ನು ಎತ್ತಿಕೊಂಡು ಬಂದಳು. ಮೊಬೈಲು ಬಂದ ಮೇಲೆ ದಿನಾ ಸಂಜೆ ಅಪ್ಪನ ಜತೆ ಮಾತಾಡುತ್ತಿದ್ದಳು. ಗದ್ದೆಗೆ ನೀರು ಬಂತಾ, ನಾಟಿ ಆಯಿತಾ ಎಂದು ಅವಳು ಕೇಳುವುದು, ಹೊಳೆ ಎಷ್ಟಿದೆ ಎಂದು ಅವರು ಕೇಳುವುದು. ಅವರಿಗೆ ಮಗಳು ದೊಡ್ಡದಾಗಿ ಏನೂ ದೂರಿದ್ದು ನಾನು ಕೇಳಿಲ್ಲ.

ಅವರು ತೀರಿಕೊಂಡದ್ದು ಶ್ರಾವಣದಲ್ಲಿ, ಹೊಳೆ ತುಂಬಿದ ದಿನಗಳಲ್ಲೇ. ಸಣ್ಣ ಗಡ್ಡೆಗೆ ಅಷ್ಟರಲ್ಲಿ ಕರೆಂಟು ಬಂದಿತ್ತು, ಆದರೆ ಆ ವಾರ ನೀರಿಗೆ ಎರಡು ಕಂಬ ಬಿದ್ದು, ಊರಿನ ಒಂದು ಫೋನಿನಲ್ಲೂ ಚಾರ್ಜ್ ಇರಲಿಲ್ಲ. ಸಾಲಗುಂದದವರು ಅವಳಿಗೆ ಫೋನ್ ಮಾಡಿ ಮಾಡಿ ಸಾಕಾಗಿ, ಬೆಳಗ್ಗೆ ನನಗೆ ಮಾಡಿದರು. ನಾನು ದಡಕ್ಕೆ ಓಡಿದೆ. ಆಚೆ ದಡದಲ್ಲಿ ಯಾರೋ ಎಮ್ಮೆ ಕಟ್ಟುತ್ತಿದ್ದರು, ಅವಳನ್ನು ಕರೆಯಲು ಕೂಗಿದೆ. ಅವಳು ಬಂದಳು. ಹಿಟ್ಟಿನ ಕೈಯಲ್ಲೇ ಬಂದಿದ್ದಳು.

ಅಂಥ ಸುದ್ದಿಯನ್ನು ಕಿವಿಯ ಹತ್ತಿರ, ಮೆಲ್ಲಗೆ, ಭುಜ ಹಿಡಿದು ಹೇಳಬೇಕು. ನಾನು ಹೊಟ್ಟೆಯಿಂದ ದನಿ ತೆಗೆದು ಚೀರಿದೆ. ಮೊದಲ ಸಲ ಕೇಳಲಿಲ್ಲ ಎಂದು ಕೈ ಮಾಡಿದಳು. ಎರಡನೆಯ ಸಲವೂ ಕೇಳಲಿಲ್ಲ. 'ನಿಮ್ಮಪ್ಪ ಹೋಗ್ಯಾನ!' ಎಂದು ಮೂರನೆಯ ಸಲ ಚೀರಿದಾಗ ನನ್ನ ಹಿಂದೆ ನಿಂತಿದ್ದ ನಮ್ಮೂರಿನ ಹೆಂಗಸರೆಲ್ಲ ಅತ್ತರು. ಅವಳು ನಿಂತೇ ಇದ್ದಳು.

ನನ್ನ ತಮ್ಮ ಹರಿಗೋಲು ನೀರಿಗಿಳಿಸಿದ. ಹತ್ತು ಮಾರು ಬರುವುದರೊಳಗೆ ಅದು ಗಿರಗಿರನೆ ತಿರುಗಿ ಕೆಳಗೆ ಹೋಯಿತು. ದಡದ ಜಾಲಿಕಂಟಿಗೆ ಸಿಕ್ಕಿ ಬದುಕಿದ. ಮತ್ತೆ ಇಳಿಸಲು ಹೋದವನನ್ನು ಅವಳೇ ಹಿಡಿದು ನಿಲ್ಲಿಸಿದ್ದು ನನಗೆ ಈ ದಡದಿಂದ ಕಾಣುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ, ಕೈಯಿಂದ 'ನೀ ಹೋಗು' ಎಂದು ತೋರಿಸಿದಳು.

ನಾನು ಹೋದೆ. ಹತ್ತೂವರೆಯ ಬಸ್ಸು ಹಿಡಿದು ಸೇತುವೆ ದಾಟಿ ಲಿಂಗಸುಗೂರು, ಅಲ್ಲಿಂದ ಮಸ್ಕಿ, ಸಿಂಧನೂರು, ಸಾಲಗುಂದ. ಎಷ್ಟು ಸಲೀಸಾದ ದಾರಿ. ಮಸ್ಕಿಯಲ್ಲಿ ಯಾರೋ ಬಾಳೆಹಣ್ಣು ಮಾರಲು ಕಿಟಕಿಗೆ ಬಂದರು, ನಾನು ತೆಗೆದುಕೊಂಡು ತಿಂದೆ ಕೂಡ. ಹಸಿವಾಗಿತ್ತು. ತಿಂದದ್ದು ಇವತ್ತಿಗೂ ನನಗೆ ನಾಚಿಕೆ ತರುತ್ತದೆ.

ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ವಿಭೂತಿ, ಕೊರಳಿಗೆ ಹೂವು. ಭಜನೆಯವರು ಹಾಡುತ್ತಿದ್ದರು. ನನ್ನನ್ನು ಕಂಡೊಡನೆ ಅವರ ಹೆಂಡತಿ ಎದ್ದು ನನ್ನ ಹಿಂದೆ ನೋಡಿದಳು, ಬಾಗಿಲ ಹೊರಗೂ ನೋಡಿದಳು.

'ನನ್ನ ಮಗಳೆಲ್ಲಿ ಟೀಚರಮ್ಮ? ನೀ ಬಂದಿ, ಆಕಿ ಎಲ್ಲಿ?'

'ಹೊಳಿ ಬಂದೈತಿ' ಅಂದೆ.

'ಎಂದ ಇಳೀತೈತಿ?' ಎಂದು ಕೇಳಿದಳು. ಇನ್ನೊಂದು ದಿನ ಇಟ್ಟುಕೊಳ್ಳುವುದೋ ಬೇಡವೋ ಎಂದು ಹಿರಿಯರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಹೇಳಿದೆ, ಗೊತ್ತಿಲ್ಲ, ಹದಿನೈದು ದಿನವೂ ಆಗಬಹುದು ಎಂದು. ಒಬ್ಬ ಮುದುಕ, 'ಮನಿ ನೋಡಾಕ ಹೋದಾಗ ನಾಕ ದಿನ ಅಂದಿದ್ರಲ್ಲ' ಎಂದು ತನ್ನಷ್ಟಕ್ಕೇ ಅಂದ. ಅಷ್ಟು ವರ್ಷವಾದರೂ ಆ ಮಾತು ಆ ಮನೆಯಲ್ಲಿ ಉಳಿದಿತ್ತು.

ಸಂಜೆಯೊಳಗೆ ಮಣ್ಣು ಮಾಡಿದರು. ಮಗಳ ಹೆಸರಿನಲ್ಲಿ ನೀನೇ ಒಂದು ಹಿಡಿ ಹಾಕು ಎಂದು ಹಿರಿಯರು ನನಗೆ ಹೇಳಿದರು. ನಾನು ಹಾಕಿದೆ. ತಮ್ಮನ ಹೊಲದಲ್ಲಿ ಆ ಮನುಷ್ಯ ಮಣ್ಣು ಹಿಚುಕಿ ನೋಡಿ ಸಂತೋಷಪಟ್ಟದ್ದು ನೆನಪಾಯಿತು. ಮಗಳಿಗೆ ಸಿಗದ ಕೊನೆಯ ಮುಖ ಸುಳ್ಳು ಹೇಳಿದವಳಿಗೆ ಸಿಕ್ಕಿತ್ತು. ಇದಕ್ಕಿಂತ ದೊಡ್ಡ ಅನ್ಯಾಯವನ್ನು ನಾನು ಯಾರಿಗೂ ಮಾಡಿಲ್ಲ.

ಮರುದಿನ ದಡದಲ್ಲಿ ಅವಳು ಕಾಯುತ್ತಿದ್ದಳು. ಎಲ್ಲ ಆಯಿತು ಎಂದು ಕೂಗಿ ಹೇಳಿದೆ. ಅವಳು ಏನೋ ಕೇಳಿದಳು. ನೀರಿನ ಸದ್ದಿನಲ್ಲಿ ನಾಲ್ಕು ಸಲ ಕೇಳಿದ ಮೇಲೆ ತಿಳಿಯಿತು: ಅಪ್ಪ ಸೊರಗಿದ್ದನೇ ಎಂದು. ಇಲ್ಲ, ಚೆನ್ನಾಗಿ ಕಾಣುತ್ತಿದ್ದರು ಎಂದೆ. ಅದು ನಿಜವೇ ಆಗಿತ್ತು. ಆದರೂ ಅವಳು ನಂಬಿದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಹದಿನೇಳು ದಿನದ ಮೇಲೆ ನೀರು ಇಳಿದು ಅವಳು ಸಾಲಗುಂದಕ್ಕೆ ಹೋಗುವಾಗ ಅಪ್ಪನನ್ನು ಹೂಳಿದ ಗದ್ದುಗೆಯ ಮೇಲಿನ ಮಣ್ಣು ಒಣಗಿ ಬಿರುಕು ಬಿಟ್ಟಿತ್ತಂತೆ.

ಅವಳು ನನ್ನನ್ನು ಬೈಯಲಿಲ್ಲ. ಹಬ್ಬಕ್ಕೆ ಹೋದರೆ ಹೋಳಿಗೆ ಬಡಿಸಿದಳು, ಕಾಲಿಗೆ ಬಿದ್ದಳು, ಯಕ್ಕಾ ಎಂದೇ ಕರೆದಳು. ಒಂದು ಸಲ ಬಾಯಿ ತುಂಬ ಬೈದಿದ್ದರೆ ನಾನು ಹಗುರಾಗುತ್ತಿದ್ದೆ. ಆ ಭಾಗ್ಯವನ್ನು ಅವಳು ನನಗೆ ಕೊಡಲಿಲ್ಲ, ವರ್ಷಗಳೇ ಕಳೆದವು.

ಈಗ ಅವಳ ಮಗ ಲಗ್ನಕ್ಕೆ ಬಂದಿದ್ದಾನೆ. ಬೇಸಾಯ ಮಾಡುತ್ತಾನೆ, ಆಡು ಸಾಕಿದ್ದಾನೆ, ಕುಡಿಯುವುದಿಲ್ಲ. ಸೇತುವೆ ಇದ್ದ ಊರಲ್ಲಾಗಿದ್ದರೆ ಅಂಥ ಹುಡುಗನಿಗೆ ಹೆಣ್ಣು ಕೊಡಲು ಮಂದಿ ಸಾಲುಗಟ್ಟುತ್ತಿದ್ದರು. ಸಣ್ಣ ಗಡ್ಡೆಗೆ ಸೇತುವೆ ಇನ್ನೂ ಬಂದಿಲ್ಲ. ಅಳತೆ ಮಾಡುವವರು ಮೂರು ಸಲ ಬಂದು ಬಂಡೆಯ ಮೇಲೆ ಕೆಂಪು ಬಣ್ಣದ ಗುರುತು ಹಾಕಿ ಹೋಗಿದ್ದಾರೆ. ಈ ವರ್ಷ ಮಸ್ಕಿಯ ಕಡೆಯಿಂದ ಒಂದು ಸಂಬಂಧ ಬಂತು. ನನ್ನ ತಮ್ಮ, ರೂಢಿಯಂತೆ ಯುಗಾದಿ ಕಳೆದ ಮೇಲೆ ಕರೆಸೋಣ ಎಂದ. ಅವಳು ಒಪ್ಪಲಿಲ್ಲ.

'ಶ್ರಾವಣದಾಗ ಬರಲಿ' ಅಂದಳು. 'ಹುಡುಗೀನೂ ಕರಕೊಂಡ ಬರಲಿ. ನೋಡಿ ಕೊಡೋದಾದ್ರ ಕೊಡ್ತಾರ.'

ತಮ್ಮ ಕೂಗಾಡಿದ. ಊರಿನವರೂ ಬಂದು ಹೇಳಿದರು. ಒಬ್ಬಳು ಹೀಗೆ ಮಾಡಿದರೆ ನಾಳೆ ಯಾರ ಮಕ್ಕಳಿಗೂ ಹೆಣ್ಣು ಸಿಗುವುದಿಲ್ಲ ಅನ್ನುವುದು ಅವರ ಭಯ. ಅದೇನು ಸುಳ್ಳು ಭಯವಲ್ಲ. ಆ ಊರಲ್ಲಿ ನಲವತ್ತು ದಾಟಿದ ಮೂವರು ಗಂಡಸರು ತಾವೇ ರೊಟ್ಟಿ ಬಡಿದುಕೊಂಡು ಉಣ್ಣುತ್ತಾರೆ. ಅವಳು ಯಾರಿಗೂ ಎದುರಾಡಲಿಲ್ಲ. ನೀರು ಏರುವ ಮುಂಚೆ ಮಗನನ್ನು ಕರೆದುಕೊಂಡು ಕವಲು ದಾಟಿ ನನ್ನ ಮನೆಗೆ ಬಂದು ಇದ್ದುಬಿಟ್ಟಳು. ಗೇಟು ತೆಗೆದರು, ಹೊಳೆ ಬಂತು, ತಮ್ಮ ಆಚೆ ಉಳಿದ. ಒಂಬತ್ತನೆಯ ದಿನ ಬೀಗರು ಬಂದರು.

ಮಂಡಾಳು ಒಗ್ಗರಣೆ, ಮಿರ್ಚಿ ಮಾಡಿದ್ದೆವು. ತಿಂದಾದ ಮೇಲೆ ಅವಳೇ ಎಲ್ಲರನ್ನೂ ದಡಕ್ಕೆ ಕರೆದೊಯ್ದಳು. ಕೆಂಪು ನೀರು ದಡ ಕೊರೆಯುತ್ತ ಹೋಗುತ್ತಿತ್ತು. ಆಚೆ ದಡದಲ್ಲಿ ತಮ್ಮ ನಿಂತಿದ್ದ. 'ನೋಡ್ರಿ, ಅಲ್ಲಿ ನಿಂತಾರಲ್ಲ, ಅವರ ನಮ್ಮ ಮನಿಯವರು. ಆ ಬೇವಿನ ಗಿಡದ ಬಾಜೂಕ ನಮ್ಮ ಮನಿ' ಎಂದು ತೋರಿಸಿದಳು. ಹುಡುಗಿಯ ತಂದೆ ನನ್ನ ಕಡೆ ತಿರುಗಿದರು.

'ಎಷ್ಟ ದಿನ ಹಿಂಗ ಇರ್ತೈತ್ರಿ ಟೀಚರಮ್ಮ?'

ತಮ್ಮನ ಹೆಂಡತಿ ನನ್ನನ್ನು ನೋಡಲಿಲ್ಲ, ನೀರನ್ನೇ ನೋಡುತ್ತಿದ್ದಳು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಅವನನ್ನು ಎತ್ತಿ ಆಡಿಸಿದವಳು ನಾನು. ನಾಲ್ಕು ದಿನ ಅನ್ನಲು ಆಗಲೂ ನನ್ನ ನಾಲಿಗೆ ತಯಾರಿತ್ತು, ಅದನ್ನು ಯಾಕೆ ಮುಚ್ಚಿಡಲಿ.

'ಹದಿನೈದ ದಿನ ಇರ್ತೈತ್ರಿ' ಅಂದೆ. 'ಒಮ್ಮೊಮ್ಮೆ ತಿಂಗಳೊಪ್ಪತ್ತು. ನಾಕ ತಿಂಗಳು ಹಿಂಗ ಏರಿ ಇಳೀತೈತಿ, ಗೇಟ್ ತೆಗಿಯೋರ ಕೈಯಾಗ ಐತಿ. ಆವಾಗ ಯಾರೂ ಬರಾಕಾಗಂಗಿಲ್ಲ, ಯಾರೂ ಹೋಗಾಕಾಗಂಗಿಲ್ಲ. ಉಳಿದ ಎಂಟು ತಿಂಗಳು ಉಣ್ಣಾಕ ಉಡಾಕ ಕಡಿಮಿ ಇಲ್ಲ. ಹುಡುಗ ಬಂಗಾರದಂಥವ.'

ಹುಡುಗಿ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. 'ಕರೆಂಟ್ ಹೋದ್ರ ಫೋನ್ ಚಾರ್ಜ್ ಹೆಂಗ ಮಾಡ್ತೀರಿ?' ಎಂದು ಕೇಳಿದಳು.

'ಮಾಡಾಕ ಬರಂಗಿಲ್ಲವ್ವ' ಎಂದಳು ನನ್ನ ತಮ್ಮನ ಹೆಂಡತಿ. ಆಮೇಲೆ ಎಲ್ಲರೂ ಮನೆಗೆ ಬಂದೆವು. ಹುಡುಗಿಗೆ ಅವಳು ಹೊಸ ಕುಪ್ಪಸದ ಬಟ್ಟೆ ಕೊಟ್ಟು, ಉಡಿಗೆ ಅಕ್ಕಿ ಹಾಕಿ, ಬಸ್ಸಿನವರೆಗೂ ಹೋಗಿ ಕಳಿಸಿಬಂದಳು.

ಎರಡು ದಿನ ಬಿಟ್ಟು ಮಸ್ಕಿಯಿಂದ ಫೋನ್ ಬಂತು. ಹುಡುಗಿ ಇನ್ನೂ ಓದುತ್ತಾಳಂತೆ, ಈಗಲೇ ಲಗ್ನ ಬೇಡವಂತೆ ಎಂದರು. ಮರ್ಯಾದಸ್ಥರು, ಹೊಳೆಯ ಹೆಸರು ಎತ್ತಲಿಲ್ಲ. ಫೋನ್ ಇಟ್ಟು ನಾನು ಒಳಗೆ ಬಂದೆ. ಅವಳು ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಮಗ ಜತೆಗೆ ತಂದಿದ್ದ ಆಡಿನ ಮರಿಗೆ ಸೊಪ್ಪು ತರಲು ಹೋಗಿದ್ದ, ಅದೊಂದು ಪುಣ್ಯ. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

ನನಗೆ ತಡೆಯಲಾಗಲಿಲ್ಲ. 'ನಾನ ಹಾಳ ಮಾಡಿದ್ನೇನಬೇ? ಅರ್ಧ ಮಾತ ನುಂಗಿದ್ರ ಆಗ್ತಿತ್ತೇನೋ' ಎಂದು ಅಳಲು ಶುರುಮಾಡಿದೆ.

'ಇಲ್ಲ ಬಿಡಕ್ಕಾ' ಅಂದಳು. 'ಆ ಹುಡುಗಿಯಾದ್ರೂ ಅವರಪ್ಪನ ಮಣ್ಣಿಗೆ ಹೋಗ್ತಾಳ.'